ಎಮ್ಮೆ ಏರಿ ಬಂದ ಹಾಡು: 1974 ಮತ್ತು ಪಿ. ಬಿ. ಶ್ರೀನಿವಾಸ್

1974ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಬೆನ್ನೇರಿ ‘ಯಾರೇ ಕೂಗಾಡಲಿ’ ಎಂದು ಹಾಡಿಕೊಂಡು ಬರುತ್ತಾರೆ. ಎಮ್ಮೆ ಸವಾರಿ ಜನಕ್ಕೆ ಎಷ್ಟು ಹೊಸದೋ ಆ ದನಿಯೂ ಅಷ್ಟೇ ಹೊಸದು. ಹದಿನೆಂಟು ವರ್ಷಗಳಿಂದ ತೆರೆಯ ಮೇಲೆ ರಾಜ್ ಹಾಡಲು ಬಾಯಿ ತೆರೆದಾಗ ಹೆಚ್ಚಾಗಿ ಕೇಳಿಬರುತ್ತಿದ್ದ ದನಿ ಅದಾಗಿರಲಿಲ್ಲ. ಈ ಸಲ ಹಾಡಿದ್ದವರು ಸ್ವತಃ ರಾಜ್. ಅಲ್ಲಿಯವರೆಗೆ ಅವರಿಗಾಗಿ ಹಾಡುತ್ತಿದ್ದ ಪಿ. ಬಿ. ಶ್ರೀನಿವಾಸ್ ಆ ಹಾಡಿನಲ್ಲಿ ಇರಲಿಲ್ಲ.

ಈ ಪ್ರಸಂಗವನ್ನು ನಾವು ಯಾವಾಗಲೂ ರಾಜ್ ಕಡೆಯಿಂದಲೇ ಹೇಳಿಕೊಂಡು ಬಂದಿದ್ದೇವೆ. ನಟ ಗಾಯಕನಾದ, ಜನ ಹುಚ್ಚೆದ್ದು ಸ್ವೀಕರಿಸಿದರು, ಮುಂದೆ ರಾಷ್ಟ್ರಪ್ರಶಸ್ತಿಯೂ ಬಂತು. ಅದೆಲ್ಲ ನಿಜವೇ. ನಾನಿಲ್ಲಿ ನೋಡಹೊರಟಿರುವುದು ಇದೇ ಸಂಗತಿಯನ್ನು ಮೈಕಿನ ಇನ್ನೊಂದು ಬದಿಯಿಂದ. ಒಬ್ಬ ನಾಯಕನ ದನಿಯೆಂದೇ ಹೆಸರಾದ ಗಾಯಕನಿಗೆ, ಆ ನಾಯಕನೇ ಹಾಡತೊಡಗಿದಾಗ ಏನಾಗುತ್ತದೆ? ಅದು ಯಾಕೆ ಆ ಹಾಡಿನಿಂದಲೇ ಶುರುವಾಯಿತು? ಆಮೇಲೆ ಅವನ ಕೈಯಲ್ಲಿ ಏನು ಉಳಿಯುತ್ತದೆ?

ಪಿಬಿಎಸ್‌ಗೆ ಅನ್ಯಾಯವಾಯಿತು ಎನ್ನುವ ಗುಂಪಿನವನು ನಾನಲ್ಲ. ಏನೂ ಆಗಲೇ ಇಲ್ಲ, ಎಲ್ಲ ಸುಸೂತ್ರವಾಗಿ ನಡೆಯಿತು ಎನ್ನುವವರ ಮಾತನ್ನೂ ಒಪ್ಪುವುದಿಲ್ಲ.

ಕಾಕಿನಾಡದ ಬಿ.ಕಾಂ.

ಪ್ರತಿವಾದಿ ಭಯಂಕರ ಶ್ರೀನಿವಾಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ‘ಪ್ರತಿವಾದಿ ಭಯಂಕರ’ ಎನ್ನುವುದು ಶ್ರೀವೈಷ್ಣವರಲ್ಲಿ ವಾದದಲ್ಲಿ ಎದುರಾಳಿಗಳನ್ನು ನಡುಗಿಸಿದ ವಿದ್ವಾಂಸನ ಹೆಸರಿನಿಂದ ಬಂದ ಮನೆತನದ ಬಿರುದು. ತಿರುಪತಿಯ ಸುಪ್ರಭಾತ ರಚಿಸಿದ ಅಣ್ಣಂಗರಾಚಾರ್ಯರಿಗೆ ಸಂದದ್ದು. ಅಂಥ ಗುಡುಗಿನ ಹೆಸರು ಹೊತ್ತವರ ಗಂಟಲಿನಿಂದ ಬಂದದ್ದು ದಕ್ಷಿಣ ಭಾರತದ ಅತ್ಯಂತ ಮೆದು ಗಂಡುದನಿಗಳಲ್ಲೊಂದು ಎನ್ನುವುದು ನನಗೆ ಯಾವತ್ತೂ ತಮಾಷೆಯಾಗಿ ಕಾಣುತ್ತದೆ.

ಮಗ ಸರ್ಕಾರಿ ನೌಕರಿ ಹಿಡಿಯಲಿ ಎಂದು ತಂದೆಗೆ ಆಸೆ. ತಾಯಿ ಹಾಡುತ್ತಿದ್ದರು. ಮಗ ಬಿ.ಕಾಂ. ಮುಗಿಸಿದ, ಹಿಂದಿ ಪ್ರಚಾರ ಸಭೆಯ ವಿಶಾರದ ಪರೀಕ್ಷೆಯನ್ನೂ ಪಾಸು ಮಾಡಿದ, ಆದರೆ ಕಿವಿ ಮಾತ್ರ ಮೊಹಮ್ಮದ್ ರಫಿ ಹತ್ತಿರ ಇತ್ತು. ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳು ಆಗ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿದ್ದರು. ಅವರ ಮೂಲಕ ಎಸ್. ಎಸ್. ವಾಸನ್ ಎದುರು ರಫಿಯ ಹಾಡು ಹಾಡಿ ತೋರಿಸಿದ್ದಾಯಿತು. 1952ರ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ನಲ್ಲಿ ಮೊದಲ ಅವಕಾಶ ಸಿಕ್ಕಿತು. ಆ ಚಿತ್ರದ ಕಥೆ ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯದು. ಮರುವರ್ಷ ಆರ್. ನಾಗೇಂದ್ರರಾಯರ ‘ಜಾತಕಫಲ’ದ ಮೂಲಕ ಕನ್ನಡಕ್ಕೆ ಬಂದರು.

ರಫಿಯ ಪ್ರಭಾವವನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಪಿಬಿಎಸ್ ರಂಗಭೂಮಿಯಿಂದಾಗಲಿ ಕಚೇರಿ ಸಂಗೀತದಿಂದಾಗಲಿ ಬಂದವರಲ್ಲ. ಅವರು ಕಲಿತದ್ದು ರೇಡಿಯೋ ಮತ್ತು ಗ್ರಾಮಫೋನ್ ಪ್ಲೇಟುಗಳಿಂದ, ಅಂದರೆ ಮೈಕ್ರೋಫೋನಿಗೆಂದೇ ಹಾಡಿದ ಹಾಡುಗಳಿಂದ. ಕೊನೆಯ ಸಾಲಿನ ಬೆಂಚಿನವನಿಗೂ ಕೇಳುವಂತೆ ಗಂಟಲು ಬಿಚ್ಚಬೇಕಾದ ಒತ್ತಡ ಅವರ ದನಿಗೆ ಬೀಳಲೇ ಇಲ್ಲ. ಅದು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಹಾಯಾಗಿ ಕೂರುವ, ಎದುರಿಗಿರುವ ಒಬ್ಬರಿಗಷ್ಟೇ ಹೇಳಿಕೊಳ್ಳುವಂಥ ದನಿ.

ದನಿ ಅಂಟಿಕೊಂಡ ಬಗೆ

ರಾಜ್‌ಕುಮಾರ್ ಬಂದದ್ದು ತದ್ವಿರುದ್ಧ ದಿಕ್ಕಿನಿಂದ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಮಗ ಬೆಳೆದದ್ದು ನಾಟಕ ಕಂಪನಿಗಳಲ್ಲಿ, ಗುಬ್ಬಿ ಕಂಪನಿಯಲ್ಲಿ. ಅಲ್ಲಿ ಹಾಡಲು ಬಾರದವನು ನಟನೇ ಅಲ್ಲ. ಕಂದ ಪದ್ಯ, ರಂಗಗೀತೆಗಳನ್ನೆಲ್ಲ ತಾನೇ ಹಾಡಬೇಕು, ‘ಒನ್ಸ್ ಮೋರ್’ ಬಂದರೆ ಮತ್ತೆ ಹಾಡಬೇಕು. ಅಂಥವರು ಸಿನಿಮಾಕ್ಕೆ ಬಂದ ಕೂಡಲೇ ಹಾಡುವ ಕೆಲಸ ಅವರ ಕೈಯಿಂದ ಹೋಯಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ‘ಶಿವಪ್ಪ ಕಾಯೋ ತಂದೆ’ ಹಾಡಿದ್ದವರು ತಮಿಳಿನ ಸಿ. ಎಸ್. ಜಯರಾಮನ್. ಮುಂದೆ ಘಂಟಸಾಲ ಅವರೂ ರಾಜ್‌ಗೆ ದನಿಯಾದರು. ಇಬ್ಬರದೂ ಗಟ್ಟಿ ಕಂಠ, ಪೌರಾಣಿಕಕ್ಕೆ ಹೇಳಿ ಮಾಡಿಸಿದ್ದು.

1956ರ ‘ಓಹಿಲೇಶ್ವರ’ದಲ್ಲಿ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಪಿಬಿಎಸ್ ಅವರಿಂದ ರಾಜ್‌ಗಾಗಿ ಹಾಡಿಸಿದರು. ಜಿ.ಕೆ.ವಿ. ಹೆಸರು ನೆನಪಿಟ್ಟುಕೊಳ್ಳಿ. ಹದಿನೆಂಟು ವರ್ಷಗಳ ನಂತರ ಅದೇ ಮನುಷ್ಯ ಈ ಕಥೆಗೆ ಮತ್ತೆ ಬರುತ್ತಾರೆ.

1960ರ ‘ಭಕ್ತ ಕನಕದಾಸ’ ಈ ಜೋಡಿಯನ್ನು ಗಟ್ಟಿ ಮಾಡಿತು. ‘ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೇ’ ಹಾಡನ್ನು ಇನ್ನೊಮ್ಮೆ ಕೇಳಿ. ಗುಡಿಯ ಹೊರಗೆ ನಿಂತವನ ಕೂಗು ಅದು, ನಾಟಕದ ನಟನಾದರೆ ಅಲ್ಲಿ ನಿಜವಾಗಿಯೂ ಕೂಗುತ್ತಿದ್ದ. ಪಿಬಿಎಸ್ ಕೂಗುವುದಿಲ್ಲ. ಬಾಗಿಲಿನ ಆಚೆ ಇರುವವನು ಕೇಳಿಸಿಕೊಳ್ಳುತ್ತಿದ್ದಾನೆಂದು ಗೊತ್ತಿರುವವನಂತೆ ಹಾಡುತ್ತಾರೆ. ಪರದೆಯ ಮೇಲೆ ಆ ತಗ್ಗಿದ ದನಿಗೆ ತಕ್ಕಂತೆ ರಾಜ್ ಮುಖವೂ ತಗ್ಗುತ್ತದೆ. ನನ್ನ ಪ್ರಕಾರ ಈ ಜೋಡಿಯ ನಿಜವಾದ ಕೆಲಸ ನಡೆದದ್ದು ಇಲ್ಲಿ. ರಂಗಭೂಮಿಯ ದೊಡ್ಡ ಅಭಿನಯವನ್ನು ಕ್ಯಾಮೆರಾ ಅಳತೆಗೆ ಇಳಿಸಲು ಪಿಬಿಎಸ್ ದನಿ ರಾಜ್‌ಗೆ ಕೈ ಜೋಡಿಸಿತು. ‘ಸೌಮ್ಯ ರಾಜ್‌ಕುಮಾರ್’ ಎಂದು ನಾವು ಯಾರನ್ನು ಕರೆಯುತ್ತೇವೋ ಅವರಲ್ಲಿ ಅರ್ಧ ಪಾಲು ಕಾಕಿನಾಡದವರದು.

ಆಮೇಲಿನ ಹದಿನೈದು ವರ್ಷಗಳ ಹಾಡುಗಳನ್ನು ಪಟ್ಟಿ ಮಾಡುತ್ತ ಹೋದರೆ ಲೇಖನ ಅಲ್ಲಿಗೇ ಮುಗಿದೀತು. ‘ಕುಲವಧು’ವಿನ ‘ಒಲವಿನ ಪ್ರಿಯಲತೆ’, ‘ನಾಂದಿ’ಯ ‘ಹಾಡೊಂದ ಹಾಡುವೆ ನೀ ಕೇಳು ಮಗುವೆ’, ‘ಸಾಕ್ಷಾತ್ಕಾರ’ದ ‘ಒಲವೇ ಜೀವನ ಸಾಕ್ಷಾತ್ಕಾರ’, ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’, ‘ಬಂಗಾರದ ಮನುಷ್ಯ’ದ ‘ನಗುನಗುತಾ ನಲಿ’, 1973ರ ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ ಕನ್ನಡ ನುಡಿ’. ಕೊನೆಯದು ನಾಡಗೀತೆಯ ಪಕ್ಕದಲ್ಲೇ ಕೂರುವಂಥ ಹಾಡು. ಅದನ್ನು ಹಾಡಿದವರ ಮನೆಮಾತು ತೆಲುಗು. ‘ನಾನು ಶರೀರ, ಶ್ರೀನಿವಾಸ್ ಶಾರೀರ’ ಎಂಬ ಮಾತು ರಾಜ್ ಅವರ ಹೆಸರಿನಲ್ಲೇ ಪ್ರಸಿದ್ಧ. ಎಷ್ಟು ಸಲ ಉದ್ಧರಿಸಿದ್ದೇವೆಂದರೆ ಈಗ ಅದರ ಅರ್ಥ ತಟ್ಟುವುದೇ ಇಲ್ಲ. ಶಾರೀರ, ಅಂದರೆ ಹಾಡುವ ದನಿ, ತನ್ನದಲ್ಲ ಎಂದು ಒಬ್ಬ ಕಂಪನಿ ನಟ ಒಪ್ಪಿಕೊಳ್ಳುತ್ತಿದ್ದಾನೆ. ಅದು ಕೃತಜ್ಞತೆಯೂ ಹೌದು, ಎಲ್ಲೋ ಒಂದು ಕಡೆ ಅವನ ಕಳವಳವೂ ಇದ್ದೀತು.

ರಾಜ್ ಹಾಡಬಲ್ಲರು ಎಂಬುದು ಗುಟ್ಟಾಗಿರಲಿಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಎಸ್. ಜಾನಕಿ ಜೊತೆ ‘ತುಂಬಿತು ಮನವ’ ಯುಗಳಗೀತೆ ಹಾಡಿದ್ದರು. ಅದು ಅಲ್ಲಿಗೇ ನಿಂತುಹೋಯಿತು. ಹದಿನೈದು ವರ್ಷ ಯಾರೂ ಆ ಬಾಗಿಲನ್ನು ಜೋರಾಗಿ ತಟ್ಟಲಿಲ್ಲ. ತಟ್ಟುವ ಅಗತ್ಯವೂ ಕಾಣಲಿಲ್ಲ, ಏಕೆಂದರೆ ಇದ್ದ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು.

ಆ ಹಾಡು

‘ಸಂಪತ್ತಿಗೆ ಸವಾಲ್’ ಮೂಲತಃ ಧುತ್ತರಗಿಯವರ ನಾಟಕ. ಉತ್ತರ ಕರ್ನಾಟಕದ ಕಂಪನಿಗಳು ಆಡಿ ಆಡಿ ಜನಪ್ರಿಯ ಮಾಡಿದ್ದು. ಎ. ವಿ. ಶೇಷಗಿರಿರಾವ್ ಅದನ್ನು ಸಿನಿಮಾ ಮಾಡಿದರು, ಹಾಡು ಬರೆದವರು ಚಿ. ಉದಯಶಂಕರ್, ಸಂಗೀತ ಅದೇ ಜಿ. ಕೆ. ವೆಂಕಟೇಶ್. ರೆಕಾರ್ಡಿಂಗ್ ದಿನ ಪಿಬಿಎಸ್ ಯಾಕೆ ಬರಲಿಲ್ಲ ಎಂಬುದಕ್ಕೆ ಗಾಂಧಿನಗರದಲ್ಲಿ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಹೇಳುವವರಿಗೆ ತಕ್ಕಂತೆ ಕಾರಣ ಬದಲಾಗುತ್ತದೆ. ಎಲ್ಲ ಕತೆಗಳಲ್ಲೂ ಬದಲಾಗದ ಅಂಶ ಒಂದೇ: ನೀವೇ ಹಾಡಿ ಎಂದು ಹಿಂಜರಿಯುತ್ತಿದ್ದ ರಾಜ್ ಅವರನ್ನು ಮೈಕಿನ ಮುಂದೆ ನಿಲ್ಲಿಸಿದವರು ಜಿ.ಕೆ.ವಿ. ರಾಜ್‌ಗೆ ಪಿಬಿಎಸ್ ದನಿಯನ್ನು ತಂದು ಕೊಟ್ಟವರೇ ಆ ದನಿಗೆ ಬದಲಿಯನ್ನೂ ಹುಡುಕಿದರು.

ಪಿಬಿಎಸ್ ಅಂದು ಬಂದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಆ ಹಾಡನ್ನೇ ನೋಡಿ. ಅದರ ಬೆನ್ನೆಲುಬು ಸಾಹಿತ್ಯವಲ್ಲ, ದನ ಎಮ್ಮೆ ಅಟ್ಟುವವರ ಕೂಗು. ಹೊಯ್ ಎನ್ನಬೇಕು, ನಾಲಗೆ ಉರುಳಿಸಬೇಕು, ಉಸಿರು ಕಟ್ಟಿ ಬಿಡಬೇಕು, ನಗಬೇಕು. ಇದು ಅಭಿನಯ, ಗಾಯನ ಅದರ ಒಳಗೆ ಬರುತ್ತದೆ. ಬಾಲ್ಯವನ್ನು ಗಾಜನೂರಿನಲ್ಲಿ ಕಳೆದ, ಆಮೇಲೆ ನಾಟಕದ ಡೇರೆಯಲ್ಲಿ ಗಂಟಲು ಪಳಗಿಸಿದ ಮನುಷ್ಯನಿಗೆ ಅದು ನೀರು ಕುಡಿದಷ್ಟು ಸಲೀಸು.

ಎಮ್ಮೆ ಪಿಬಿಎಸ್‌ಗೂ ಹೊಸದಲ್ಲ. 1966ರ ‘ಎಮ್ಮೆ ತಮ್ಮಣ್ಣ’ದಲ್ಲಿ ರಾಜ್ ಎಮ್ಮೆ ಕಾಯುವವನೇ. ಆದರೆ ಆ ಚಿತ್ರದಲ್ಲಿ ಪಿಬಿಎಸ್ ಪಾಲಿಗೆ ಬಂದು ಇಂದಿಗೂ ಉಳಿದಿರುವ ಹಾಡು ಎಸ್. ಜಿ. ನರಸಿಂಹಾಚಾರ್ಯರ ‘ನೀನಾರಿಗಾದೆಯೋ ಎಲೆ ಮಾನವ’. ಸಗಣಿಯಿಂದ ಹಿಡಿದು ಹಾಲಿನವರೆಗೆ ತಾನು ಕೊಟ್ಟದ್ದನ್ನೆಲ್ಲ ಹೇಳಿ ಮನುಷ್ಯನನ್ನು ಪ್ರಶ್ನಿಸುವ ಹಸುವಿನ ಮಾತು ಅದು. ಎಮ್ಮೆ ಕಾಯುವವನ ಬಾಯಿಂದಲೂ ಪಿಬಿಎಸ್ ಹಾಡಿದರೆ ಹಾಡು ವಿಚಾರಕ್ಕೆ, ವ್ಯಥೆಗೆ ತಿರುಗುತ್ತದೆ. ಎಂಟು ವರ್ಷದ ಮೇಲೆ ಅದೇ ಬಗೆಯ ಪಾತ್ರ ಎಮ್ಮೆಯ ಮೇಲೆ ಹತ್ತಿ ಕೂತು ಊರಿಗೆಲ್ಲ ಕೇಳುವಂತೆ ಗೇಲಿ ಮಾಡಬೇಕಾದಾಗ ಬೇರೆ ಗಂಟಲು ಬೇಕಾಯಿತು.

ಹಳ್ಳಿ ಹಾಡು ಅವರಿಗೆ ಬರುತ್ತಿರಲಿಲ್ಲ ಎಂದಲ್ಲ. ‘ಮೇಯರ್ ಮುತ್ತಣ್ಣ’ದ ‘ಹಳ್ಳಿಯಾದರೇನು ಶಿವ’ ಅವರದೇ, ಚೆನ್ನಾಗಿಯೂ ಇದೆ. ಆದರೆ ಅಲ್ಲಿಯೂ ಹಳ್ಳಿಯವನ ವಿವೇಕ ಕೇಳಿಸುತ್ತದೆ, ಹಳ್ಳಿಯವನ ಪುಂಡಾಟ ಕೇಳಿಸುವುದಿಲ್ಲ.

ನನ್ನ ವಾದಕ್ಕೆ 1974ನೇ ವರ್ಷವೇ ಸಾಕ್ಷಿ. ಅದೇ ವರ್ಷ ರಾಜ್ ಅವರ ‘ಭಕ್ತ ಕುಂಬಾರ’ ಬಂತು, ‘ಮಾನವ ಮೂಳೆ ಮಾಂಸದ ತಡಿಕೆ’ ಹಾಡಿದ್ದು ಪಿಬಿಎಸ್. ಅದೇ ವರ್ಷ ‘ಎರಡು ಕನಸು’ ಬಂತು, ವಾಣಿ ಜಯರಾಂ ಜೊತೆ ‘ಎಂದೆಂದೂ ನಿನ್ನನು ಮರೆತು’ ಹಾಡಿದ್ದು, ‘ಬಾಡಿಹೋದ ಬಳ್ಳಿಯಿಂದ’ ಹಾಡಿದ್ದು ಪಿಬಿಎಸ್. ಸಂತನಿಗೆ ಅವರು, ಹಳೆಯ ಪ್ರೇಮ ಮರೆಯಲಾಗದ ವಿದ್ಯಾವಂತನಿಗೆ ಅವರು. ಎಮ್ಮೆ ಸವಾರನಿಗೆ ಮಾತ್ರ ರಾಜ್. ಪಿಬಿಎಸ್ ದನಿ ತುಂಬಲಾಗದೆ ಉಳಿದಿದ್ದ ಒಂದು ಸಂದಿಯ ಮೂಲಕ ರಾಜ್ ಒಳಗೆ ಬಂದರು. ಒಳಗೆ ಬಂದವರು ಹೊರಗೆ ಹೋಗಲಿಲ್ಲ.

ಮೂರು ವರ್ಷದ ಹೊಂದಾಣಿಕೆ

1975ರ ‘ಮಯೂರ’ದಲ್ಲಿ ‘ಈ ಮೌನವ ತಾಳೆನು’ ಎಂದು ರಾಜ್ ಜಾನಕಿಯವರ ಜೊತೆ ಹಾಡಿದಾಗ ಸಂದಿ ಬಾಗಿಲಾಯಿತು. ಇದು ಪ್ರೇಮಗೀತೆ, ಮೆದು ಹಾಡು, ಇಲ್ಲಿಯವರೆಗೆ ಪಿಬಿಎಸ್ ಅವರ ಸ್ವಂತ ಹೊಲ. 1976ರ ‘ಪ್ರೇಮದ ಕಾಣಿಕೆ’ಯ ‘ಬಾನಿಗೊಂದು ಎಲ್ಲೆ ಎಲ್ಲಿದೆ’ ಬಂದ ಮೇಲಂತೂ ವಿಚಾರದ ಹಾಡಿಗೂ ರಾಜ್ ದನಿ ಒಗ್ಗುತ್ತದೆ ಎಂದು ಜನ ತೀರ್ಮಾನಿಸಿಬಿಟ್ಟರು.

ಇಲ್ಲೊಂದು ಸೂಕ್ಷ್ಮ ಇದೆ. ರಾಜ್ ಹಾಡತೊಡಗಿದಾಗ ಅವರು ಜಯರಾಮನ್ ಅಥವಾ ಘಂಟಸಾಲರ ಹಾಗೆ ಹಾಡಲಿಲ್ಲ. ಕಂಪನಿ ನಾಟಕದ ಎತ್ತರದ ಶ್ರುತಿ, ಅಲುಗಿಸುವ ಗಮಕ ಎಲ್ಲ ಗಂಟಲಲ್ಲಿದ್ದರೂ ಪ್ರೇಮಗೀತೆಯಲ್ಲಿ ಅವನ್ನು ಹಿಡಿದಿಟ್ಟು ಹಾಡಿದರು. ಅಕ್ಷರ ಅಕ್ಷರ ಬಿಡಿಸಿ ಹೇಳುವುದು, ಸಾಲಿನ ಕೊನೆಯನ್ನು ಎತ್ತಿ ಬಿಸಾಡದೆ ಮೆತ್ತಗೆ ಇಳಿಸುವುದು, ಇವು ಎರಡು ದಶಕ ತಾವೇ ತುಟಿ ಚಲಿಸಿ ಒಳಗಿಳಿಸಿಕೊಂಡ ಪಿಬಿಎಸ್ ಹಾಡುಗಳ ಪಾಠ ಎಂದು ನಾನು ನಂಬುತ್ತೇನೆ. ನೂರಾರು ಹಾಡಿಗೆ ಉಸಿರಿನ ಲೆಕ್ಕ ಸಮೇತ ಬಾಯಿ ಕೂಡಿಸಿದವನಿಗೆ ಅದಕ್ಕಿಂತ ದೊಡ್ಡ ಅಭ್ಯಾಸ ಬೇಕೆ? ಶಿಷ್ಯನೆಂದು ಯಾರೂ ಕರೆಯಲಿಲ್ಲ, ಆದರೆ ಅವರ ಸಂಬಂಧದಲ್ಲಿ ಅದರ ಛಾಯೆ ಇತ್ತು.

ಈ ಹೊಂದಾಣಿಕೆಯ ಕಾಲದ ಅತ್ಯಂತ ವಿಚಿತ್ರ ದಾಖಲೆ 1977ರ ‘ಬಬ್ರುವಾಹನ’. ತಂದೆ ಅರ್ಜುನ, ಮಗ ಬಬ್ರುವಾಹನ, ಎರಡೂ ಪಾತ್ರ ರಾಜ್ ಅವರದು. ಯುದ್ಧಭೂಮಿಯಲ್ಲಿ ಇಬ್ಬರೂ ಎದುರುಬದುರು ನಿಂತು ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಎಂದು ಹೀಯಾಳಿಸಿಕೊಳ್ಳುತ್ತಾರೆ. ಹಾಡಿದವರು ಪಿಬಿಎಸ್ ಮತ್ತು ರಾಜ್. ಒಂದೇ ಮುಖ, ಎರಡು ದನಿ. ಎರಡೂ ಆ ಮುಖಕ್ಕೆ ಸರಿಹೊಂದುತ್ತವೆ! ಟಿ. ಜಿ. ಲಿಂಗಪ್ಪನವರು ಇದನ್ನು ಬೇಕೆಂದೇ ಸಂಕೇತವಾಗಿ ಮಾಡಿದರೆಂದು ನಾನು ಹೇಳುತ್ತಿಲ್ಲ. ದ್ವಿಪಾತ್ರಕ್ಕೆ ಎರಡು ದನಿ ಬೇಕಿತ್ತು, ಎರಡೂ ಕೈಗೆಟುಕುವಷ್ಟು ಹತ್ತಿರ ಇದ್ದವು. ಆದರೂ ಜನ ಯಾವ ತಕರಾರೂ ಇಲ್ಲದೆ ಅದನ್ನು ನುಂಗಿಕೊಂಡದ್ದು ನೋಡಿದರೆ, ಆ ಹೊತ್ತಿಗೆ ಕನ್ನಡ ಕಿವಿಯಲ್ಲಿ ರಾಜ್‌ಕುಮಾರ್‌ಗೆ ಎರಡು ಅಧಿಕೃತ ದನಿಗಳಿದ್ದವು ಎನ್ನಬೇಕು.

ಅಲ್ಲಿಂದ ಮುಂದೆ ಒಂದು ದನಿ ಹೆಚ್ಚುತ್ತಾ, ಇನ್ನೊಂದು ಕಡಿಮೆಯಾಗುತ್ತಾ ಹೋಯಿತು. 1992ರ ‘ಜೀವನ ಚೈತ್ರ’ದ ‘ನಾದಮಯ ಈ ಲೋಕವೆಲ್ಲಾ’ ರಾಜ್‌ಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ತಂದಿತು.

ಕುರ್ಚಿ ಯಾರದು

1974ರಲ್ಲಿ ಪಿಬಿಎಸ್‌ಗೆ 44 ತುಂಬುತ್ತಿತ್ತು. ಗಾಯಕನಿಗೆ ಅದು ಇಳಿವಯಸ್ಸಲ್ಲ. ಹಾಗಾದರೆ ಬೇರೆ ನಾಯಕರಿರಲಿಲ್ಲವೆ, ಬೇರೆ ಭಾಷೆಗಳಿರಲಿಲ್ಲವೆ?

ಇದ್ದವು. 1972ರ ‘ನಾಗರಹಾವು’ ಚಿತ್ರದಲ್ಲಿ ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿದವರು ಅವರೇ. ಆದರೆ ಅದೇ ಚಿತ್ರದ ‘ಹಾವಿನ ದ್ವೇಷ’ ಎಸ್. ಪಿ. ಬಾಲಸುಬ್ರಹ್ಮಣ್ಯಂ ಪಾಲಾಯಿತು. ಮತ್ತೆ ಅದೇ ಮಾತು, ಸಿಟ್ಟು ಬಂದಾಗ ಬೇರೆ ಗಂಟಲು. ಮುಂದಿನ ದಶಕಗಳಲ್ಲಿ ವಿಷ್ಣುವರ್ಧನ್, ಶ್ರೀನಾಥ್, ಶಂಕರ್‌ನಾಗ್ ಎಲ್ಲರೂ ಎಸ್‌ಪಿಬಿ ದನಿಯಲ್ಲಿ ಹಾಡಿದರು.

ತಮಿಳಿನಲ್ಲಿ ಪಿಬಿಎಸ್ ಜೆಮಿನಿ ಗಣೇಶನ್‌ರ ದನಿ. ‘ಪಾವಮನ್ನಿಪ್ಪು’ವಿನ ‘ಕಾಲಂಗಳಿಲ್ ಅವಳ್ ವಸಂತಂ’, ‘ಸುಮೈತಾಂಗಿ’ಯ ‘ಮಯಕ್ಕಮಾ ಕಲಕ್ಕಮಾ’ ಇವತ್ತಿಗೂ ಅಲ್ಲಿನ ಮನೆಮಾತು. ಅವಕಾಶ ಸಿಗದೆ ಮದ್ರಾಸು ಬಿಟ್ಟು ಹೊರಟಿದ್ದ ತನ್ನನ್ನು ಆ ಎರಡನೆಯ ಹಾಡು ತಡೆದು ನಿಲ್ಲಿಸಿತು ಎಂದು ಕವಿ ವಾಲಿ ಹೇಳಿಕೊಳ್ಳುತ್ತಿದ್ದರು. ಆದರೆ ಜೆಮಿನಿಯವರ ದನಿ ಎಂಬ ಕುರ್ಚಿಯಲ್ಲಿ ಪಿಬಿಎಸ್‌ಗಿಂತ ಮೊದಲು ಎ. ಎಂ. ರಾಜಾ ಕೂತಿದ್ದರು. 1969ರ ‘ಶಾಂತಿ ನಿಲಯಂ’ ಹೊತ್ತಿಗೆ ಎಸ್‌ಪಿಬಿ ಅದೇ ಜೆಮಿನಿಗೆ ಹಾಡಿಯಾಗಿತ್ತು. ಅಂದರೆ ಬೆಂಗಳೂರಿನಲ್ಲಿ ಎಮ್ಮೆ ಹಾಡು ಬರುವ ಐದು ವರ್ಷ ಮೊದಲೇ ಮದ್ರಾಸಿನಲ್ಲಿ ನೆಲ ಸರಿಯುತ್ತಿತ್ತು. ರಾಜ್ ಹಾಡದೇ ಇದ್ದಿದ್ದರೂ ಕನ್ನಡದಲ್ಲಿ ಅದೇ ಆಗುತ್ತಿತ್ತೇನೋ. ರಾಜ್ ಅವರಿಂದ ಪಿಬಿಎಸ್ ಮೂಲೆಗುಂಪಾದರು ಎಂಬ ಸರಳ ಕತೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ನಾಯಕನ ದನಿ ಎಂಬ ಸ್ಥಾನವೇ ಬಾಡಿಗೆ ಮನೆ. ಹದಿನೆಂಟು ವರ್ಷ ಇದ್ದರೆ ಊರವರು ‘ಶ್ರೀನಿವಾಸ್ ಮನೆ’ ಎಂದೇ ಗುರುತು ಹೇಳುತ್ತಾರೆ, ಪತ್ರ ಮಾತ್ರ ಅವರ ಹೆಸರಿನಲ್ಲಿರುವುದಿಲ್ಲ. ಇದು ಬರೀ ಉಪಮೆಯಲ್ಲ, ಕಾನೂನಿನ ಸ್ಥಿತಿಯೂ ಹಾಗೇ ಇತ್ತು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುಗಾರನಿಗೆ ಹಾಡಿನ ಮೇಲೆ ಯಾವ ಹಕ್ಕೂ ಇರಲಿಲ್ಲ. ರೆಕಾರ್ಡಿಂಗ್ ದಿನ ಕವರಿನಲ್ಲಿ ಎಷ್ಟು ಬಂತೋ ಅಷ್ಟೇ. ‘ಬಬ್ರುವಾಹನ’ ಬಂದ 1977ರಲ್ಲೇ ಸುಪ್ರೀಂ ಕೋರ್ಟ್ ಚಿತ್ರಸಂಗೀತದ ಹಕ್ಕಿನ ಬಗ್ಗೆ ನಿರ್ಮಾಪಕರ ಪರವಾಗಿ ಒಂದು ಪ್ರಮುಖ ತೀರ್ಪು ಕೊಟ್ಟಿತು. ಅದರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಸೇರಿಸಿ, ಸ್ವರ ಬರೆದವನಿಗೆ ಸಿಗುವ ರಕ್ಷಣೆ ಹಾಡಿ ಜೀವ ತುಂಬುವವನಿಗೆ ನಮ್ಮ ಕಾನೂನಿನಲ್ಲಿಲ್ಲವಲ್ಲ ಎಂದು ಮರುಗಿದರು. ಪ್ರದರ್ಶಕರ ಹಕ್ಕು ಎಂಬ ಮಾತು ಕಾಯ್ದೆಯೊಳಗೆ ಬರಲು 1994ರವರೆಗೆ ಕಾಯಬೇಕಾಯಿತು. ಗಾಯಕರಿಗೆ ರಾಯಧನದ ಹಕ್ಕು ಬಂದದ್ದು 2012ರ ತಿದ್ದುಪಡಿಯಲ್ಲಿ. ಅದನ್ನು ವಸೂಲು ಮಾಡಲು ಗಾಯಕರ ಸಂಘ ಹುಟ್ಟಿದ್ದು 2013ರಲ್ಲಿ. ಪಿಬಿಎಸ್ ತೀರಿಕೊಂಡದ್ದು ಆ ವರ್ಷದ ಏಪ್ರಿಲ್ 14ರಂದು, ಚೆನ್ನೈನಲ್ಲಿ. ಪ್ರತಿ ನವೆಂಬರ್ ಒಂದರಂದು ಬೀದಿ ಬೀದಿಯ ಧ್ವನಿವರ್ಧಕಗಳಲ್ಲಿ ಮೊಳಗುವ ‘ನಾವಾಡುವ ನುಡಿಯೇ’ ಹಾಡಿಗೆ ಅವರಿಗೆ ಸಂದದ್ದು ಒಂದೇ ಸಲದ ಸಂಭಾವನೆ.

ಜನರ ನೆನಪಿನಲ್ಲಿ ಗಾಯಕನಿಗೆ ನ್ಯಾಯ ಸಿಕ್ಕೇ ಸಿಗುತ್ತದೆ ಎಂದು ಹೇಳುವ ನಮ್ಮ ಅಭ್ಯಾಸದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ನೆನಪಿನಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ಹೋಟೆಲಿನ ಟೇಬಲ್ಲು, ಜೇಬಿನ ತುಂಬ ಪೆನ್ನು

ಪಿಬಿಎಸ್ ಈ ಸ್ಥಿತಿಯನ್ನು ಹೇಗೆ ತೆಗೆದುಕೊಂಡರು ಎಂಬುದು ಪ್ರಕರಣದ ಅರ್ಧ ಭಾಗ. ಅವರು ಬಹಿರಂಗವಾಗಿ ರಾಜ್ ವಿರುದ್ಧ ಗೊಣಗಿದವರಲ್ಲ. ಕೊನೆಯವರೆಗೂ ಸಭೆಗಳಲ್ಲಿ ರಾಜ್ ಹೆಸರನ್ನು ಪ್ರೀತಿಯಿಂದ ಎತ್ತಿದರು, ರಾಜ್ ಕೂಡ ಹಾಗೆಯೇ. ಇದನ್ನು ಬರೀ ದೊಡ್ಡತನ ಎಂದು ಕೈಮುಗಿದು ಮುಂದೆ ಹೋಗಬಹುದು. ನನಗನಿಸುವುದು, ಅವರಿಗೆ ಹಾಡು ಒಂದೇ ಆಸರೆಯಾಗಿರಲಿಲ್ಲ.

ಅವರು ಬರೆಯುತ್ತಿದ್ದರು. ತೆಲುಗು, ಕನ್ನಡ, ತಮಿಳು, ಮಲಯಾಳ, ಸಂಸ್ಕೃತ, ಹಿಂದಿ, ಉರ್ದು, ಇಂಗ್ಲಿಷ್, ಎಂಟು ಭಾಷೆಗಳಲ್ಲಿ ಪದ್ಯ. ಉರ್ದು ಗಜಲುಗಳೆಂದರೆ ಪ್ರಾಣ. ‘ಶ್ರೀನಿವಾಸ ಗಾಯತ್ರಿ ವೃತ್ತ’ ಎಂದು ತಮ್ಮದೇ ಒಂದು ಛಂದಸ್ಸನ್ನೂ ಕಟ್ಟಿಕೊಂಡಿದ್ದರು. ಮನುಷ್ಯ ಚಂದ್ರನ ಮೇಲೆ ಇಳಿದಾಗ ಅದರ ಮೇಲೆ ಇಂಗ್ಲಿಷಿನಲ್ಲಿ ಹಾಡು ಕಟ್ಟಿ, ಧ್ವನಿಮುದ್ರಿಕೆಯನ್ನು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಕಳಿಸಿದ ಮಹಾಶಯ. ತಲೆಯ ಮೇಲೆ ಜರಿಯ ಪೇಟ, ಜೇಬಿನಲ್ಲಿ ಬಣ್ಣಬಣ್ಣದ ಪೆನ್ನುಗಳ ಸಾಲು, ಕೈಯಲ್ಲಿ ಕಾಗದದ ಕಟ್ಟು. ಚೆನ್ನೈನ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಅವರಿಗೆಂದೇ ಎಂಬಂತಿದ್ದ ಟೇಬಲ್ಲಿನಲ್ಲಿ ಕೂತು, ಕಾಫಿ ಕುಡಿಯುತ್ತ ದಿನಗಟ್ಟಲೆ ಬರೆಯುತ್ತಿದ್ದರು. ಆ ಹೋಟೆಲ್ ನಮ್ಮ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ತೆರೆದದ್ದು, ಮರಗಳ ನಡುವಿನ ಜಾಗ. ಹೊಸ ಕವಿಗಳು, ಸಹಾಯಕ ನಿರ್ದೇಶಕರು, ಕೆಲಸ ಹುಡುಕುವವರು ಅಲ್ಲೇ ಬಂದು ಅವರನ್ನು ಮಾತಾಡಿಸುತ್ತಿದ್ದರು. 2008ರಲ್ಲಿ ಹೋಟೆಲ್ ಮುಚ್ಚಿ, ಆ ಜಾಗ ಸರ್ಕಾರದ ಉದ್ಯಾನವಾಯಿತು. ಪಿಬಿಎಸ್ ಕಾಗದದ ಕಟ್ಟಿನ ಸಮೇತ ರಾಧಾಕೃಷ್ಣನ್ ರಸ್ತೆಯ ನ್ಯೂ ವುಡ್‌ಲ್ಯಾಂಡ್ಸ್‌ಗೆ ಹೋಗಿ ಕೂತರು. ಕೂರುವ ಜಾಗ ತಪ್ಪಿಹೋಗುವುದು ಅವರಿಗೆ ಹೊಸದೇನಲ್ಲವಲ್ಲ.

ಹಾಗೆಂದು ನಮ್ಮ ಲೆಕ್ಕ ಚುಕ್ತಾ ಆಯಿತೆಂದಲ್ಲ. ರಾಜ್ ಹಾಡಿದ್ದು ತಪ್ಪಲ್ಲ, ಅದು ಕಂಪನಿ ನಟನೊಬ್ಬ ತನ್ನ ಹಳೆಯ ಹಕ್ಕನ್ನು ಮರಳಿ ಪಡೆದದ್ದು. ತಪ್ಪಿದ್ದರೆ ಕನ್ನಡ ಚಿತ್ರರಂಗದ್ದು. ಐವತ್ತರ ಆಸುಪಾಸಿನ, ಮಂದ್ರ ಇನ್ನಷ್ಟು ಮಾಗಿದ್ದ ಆ ಕಂಠಕ್ಕೆ ರಾಜ್ ಬಿಟ್ಟರೆ ಬೇರೆ ಕೆಲಸ ನಮಗೆ ಹೊಳೆಯಲೇ ಇಲ್ಲ. ಬೇಂದ್ರೆಯವರ ‘ಉತ್ತರಧ್ರುವದಿಂ ದಕ್ಷಿಣಧ್ರುವಕೂ’ ಕವಿತೆಯನ್ನು ‘ಶರಪಂಜರ’ದಲ್ಲಿ ಸುಶೀಲಾ ಜೊತೆ ಅವರು ಹಾಡಿರುವ ರೀತಿ ನೋಡಿ, ಆ ದನಿಯಲ್ಲಿ ಭಾವಗೀತೆಗಳ ಒಂದು ಇಡೀ ಕಪಾಟು ತುಂಬಬಹುದಿತ್ತು. ಮೆರವಣಿಗೆ, ಸನ್ಮಾನ, ಪೇಟ, ಶಾಲು, ಹಣ್ಣಿನ ಬುಟ್ಟಿಗಳಿಗೆ ಮಾತ್ರ ನಾವು ಕೊರತೆ ಮಾಡಲಿಲ್ಲ.

ಗಣೇಶನ ಹಬ್ಬದ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಒಂದು ಪದ್ಧತಿ ನೋಡಿದ್ದೇನೆ. ತಂಡದಲ್ಲಿ ‘ಅಣ್ಣಾವ್ರ ವಾಯ್ಸ್’ ಹಾಡುವವನೊಬ್ಬ, ‘ಪಿಬಿಎಸ್ ವಾಯ್ಸ್’ ಹಾಡುವವನೊಬ್ಬ ಬೇರೆ ಬೇರೆ ಇರುತ್ತಾರೆ. ಮೊದಲನೆಯವನು ಬಿಳಿ ಪಂಚೆ ಬಿಳಿ ಅಂಗಿ ತೊಟ್ಟು, ಎಡಗೈ ಆಡಿಸುತ್ತ, ವೇದಿಕೆಯ ತುಂಬ ಓಡಾಡಿ ಹಾಡುತ್ತಾನೆ. ಎರಡನೆಯವನು ಸಾಮಾನ್ಯ ಪ್ಯಾಂಟು ಶರ್ಟಿನಲ್ಲಿ ಮೈಕ್ ಸ್ಟ್ಯಾಂಡಿನ ಹಿಂದೆ ನಿಂತಿರುತ್ತಾನೆ. ‘ಆಡಿಸಿ ನೋಡು ಬೀಳಿಸಿ ನೋಡು’ ಶುರುವಾದಾಗ ಜನ ಮಾತು ನಿಲ್ಲಿಸುತ್ತಾರೆ. ಹಾಡು ಮುಗಿದ ಮೇಲೆ ಯಾರಾದರೂ ‘ಅಣ್ಣಾವ್ರಿಗೆ ಜೈ’ ಎನ್ನುತ್ತಾರೆ. ಮೈಕಿನ ಹಿಂದಿನವನೂ ಜೈ ಎನ್ನುತ್ತಾನೆ.